ಹೊನ್ನಾವರದ ನ್ಯಾಯಮೂರ್ತಿ ಚಂದಾವರಕರರು

ಶರಾವತಿಯು ಅರಬ್ಬೀ ಸಮುದ್ರವನ್ನು ಸೇರುವ ಹೊನ್ನಾವರದಲ್ಲಿ 1855ನೆಯ ಇಸವಿ ಡಿಸೆಂಬರ್ 2ರಂದು ನಾರಾಯಣ ಗಣೇಶ ಚಂದಾವರಕರರು ಜನಿಸಿದರು. ಅವರ ಮನೆತನದ ಹೆಸರು ಕುಮಟಾ ತಾಲೂಕಿನ ಚಂದಾವರ ಗ್ರಾಮದಿಂದ ಬಂದುದು. ಅವರು ಹುಟ್ಟಿದ ಸಾರಸ್ವತ ಸಮಾಜದ ಗುರುಪೀಠವು ಭಟ್ಕಳ ಸೀಮೆಯ ಶಿರಾಲಿಯ ಚಿತ್ರಾಪುರ ಮಠ. ಕಾಂಗ್ರೆಸ್ಸಿನ ಅಧ್ಯಕ್ಷರೂ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳೂ ಆಗಿ ಕೀರ್ತಿ ಪಡೆದ ಈ ಮಹನೀಯರನ್ನು ಸ್ಮರಿಸುವುದಕ್ಕೆ ಊರಿನ ಅಭಿಮಾನವೊಂದೇ ಕಾರಣವಲ್ಲ. ಸಮಾನತೆಯನ್ನು ಸಾರುವವರ ಗುಂಪಿನೊಳಗೇ ಮೇಲುಕೀಳುಗಳು ಹೇಗೆ ಉಳಿದುಕೊಳ್ಳುತ್ತವೆಂಬುದನ್ನು ಅವರ ಜೀವಿತವು ನಮಗೆ ತಿಳಿಸಿಕೊಡುತ್ತದೆ.

ಅವರ ಶೈಶವದಲ್ಲಿ ಹೊನ್ನಾವರವು ಮದರಾಸು ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ ಇಲ್ಲಿಯ ವಿದ್ಯಾವಂತ ಕುಟುಂಬಗಳ ದೃಷ್ಟಿಯು ಮುಂಬಯಿಯ ಕಡೆಗೆ ಹೊರಳಿತು. ಸಮಾಜಸುಧಾರಕರೆಂದು ಹೆಸರಾದ ಶಾಮರಾವ ವಿಠಲ ಕೈಕಿಣಿಯವರು ನಾರಾಯಣರಾಯರ ಸೋದರಮಾವಂದಿರು. 1906ರಲ್ಲಿ ಅವರ ಸ್ಮರಣಾರ್ಥವಾಗಿಯೇ ಮುಂಬಯಿಯಲ್ಲಿ ಸಹಕಾರಿ ಬ್ಯಾಂಕೊಂದು ಸ್ಥಾಪಿತವಾಯಿತು. ನಾರಾಯಣರಾಯರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ದಕ್ಷಿಣಾ ಫೆಲೋ ಆಗಿದ್ದು, 1881ರಲ್ಲಿ ಕಾಯಿದೆಯ ಪದವಿಯನ್ನು ಪಡೆದರು. ಇಂದುಪ್ರಕಾಶ ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕರೂ ಆಗಿದ್ದರು. ಪ್ರತಿಭೆ ಅವರ ಸ್ವಂತದ್ದು, ಸಂದೇಹವಿಲ್ಲ. ಆದರೆ ಅಕ್ಷರದ ಪರಂಪರೆಯುಳ್ಳ ಕುಲ, ಕೈಹಿಡಿದು ನಡೆಸಬಲ್ಲ ಬಂಧುವರ್ಗ ಇವು ಅವರಿಗೆ ಹುಟ್ಟಿನಿಂದಲೇ ಬಂದ ಅನುಕೂಲಗಳು. ಅದೇ ಕರಾವಳಿಯ ಮುಕ್ರಿ, ಆಗೇರ ಮೊದಲಾದ ಜನರ ಮಕ್ಕಳಿಗೆ ಇವೊಂದೂ ಇರಲಿಲ್ಲ.

1885ರಲ್ಲಿ, ಇಂಗ್ಲೆಂಡಿನ ಸಾರ್ವತ್ರಿಕ ಚುನಾವಣೆಯ ಸಮಯಕ್ಕೆ, ಹಿಂದೂಸ್ಥಾನದ ಬೇಡಿಕೆಗಳನ್ನು ಅಲ್ಲಿಯ ಮತದಾರರ ಮುಂದಿಡಲು ಮೂವರು ಪ್ರತಿನಿಧಿಗಳು ಹೊರಟರು: ಬಂಗಾಳದ ಮನಮೋಹನ ಘೋಷ್, ಮದರಾಸಿನ ಸೇಲಂ ರಾಮಸ್ವಾಮಿ ಮೊದಲಿಯಾರ್, ಮುಂಬಯಿಯಿಂದ ಚಂದಾವರಕರರು. ಸಮುದ್ರಯಾನವನ್ನು ಪಾಪವೆಂದೆಣಿಸುವವರು ಬಹಳವಿದ್ದ ಕಾಲವದು. ಆ ಚುನಾವಣೆಯಲ್ಲಿ ಲಿಬರಲ್ ಪಕ್ಷದಿಂದ ನಿಂತಿದ್ದ ಭಾರತೀಯ ಲಾಲಮೋಹನ ಘೋಷರು ಸೋತರು. ಮೂರು ವರ್ಷಗಳ ತರುವಾಯ ಪ್ರಧಾನಿ ಸಾಲಿಸ್ಬರಿಯವರು ದಾದಾಭಾಯಿ ನವರೋಜಿಯವರನ್ನು ಕರಿಯನೆಂದು ಸಭೆಯಲ್ಲಿಯೇ ಹೀನಯಿಸಿದರು. ಜನಾಂಗದ ಕಾರಣದಿಂದ ತಮ್ಮನ್ನು ಕೀಳಾಗಿ ಕಾಣುವುದು ಎಷ್ಟು ಅನ್ಯಾಯವೆಂಬುದು ನಮ್ಮ ಮುಖಂಡರಿಗೆ ಚೆನ್ನಾಗಿ ತಿಳಿದಿತ್ತು.

ಅದೇ 1885ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಜನಿಸಿತು. ಸಾಮಾಜಿಕ ಪ್ರಶ್ನೆಗಳನ್ನು ಅದು ತನ್ನ ಹೊರಗಿಟ್ಟಿತು. ಅವುಗಳ ಚರ್ಚೆಗೆಂದು ರಾನಡೆಯವರು ನಡೆಸುತ್ತಿದ್ದ ಸಾಮಾಜಿಕ ಪರಿಷತ್ತಿಗೆ 1895ರ ಪುಣೆಯ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಚಪ್ಪರವೂ ದೊರೆಯದಾಯಿತು. ಚಂದಾವರಕರರು ರಾನಡೆಯವರ ಪಕ್ಷದವರು. 1900ರಲ್ಲಿ ಲಾಹೋರಿನ ಕಾಂಗ್ರೆಸ್ಸಿಗೆ ಅಧ್ಯಕ್ಷರಾದ ಅವರು ಮರುವರ್ಷ ನ್ಯಾಯಪೀಠವನ್ನೇರಿದರು. ಆ ವರ್ಷವೇ ರಾನಡೆಯವರು ತೀರಿಕೊಳ್ಳಲು ಪ್ರಾರ್ಥನಾ ಸಮಾಜದ ನಾಯಕತ್ವವೂ ಇವರ ಪಾಲಿಗೆ ಬಂದಿತು. 1906ರಲ್ಲಿ, ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಅಸ್ಪೃಶ್ಯರ ಉನ್ನತಿಗಾಗಿ ಮುಂಬಯಿಯಲ್ಲಿ ಮಿಶನ್ ಒಂದನ್ನು ಸ್ಥಾಪಿಸಿದಾಗ ಚಂದಾವರಕರರು ಅದರ ಅಧ್ಯಕ್ಷರಾದರು. ಸ್ಥಾನಮಾನಗಳ ಶಿಖರದಲ್ಲಿದ್ದವರು ಅಂಥ ಕಾರ್ಯಕ್ಕೆ ತಮ್ಮ ಹೆಸರನ್ನು ಕೊಡುವುದು ಆಗ ಸಾಮಾನ್ಯ ಧೈರ್ಯವಾಗಿರಲಿಲ್ಲ. ಪುಣೆ, ಹುಬ್ಬಳ್ಳಿಗಳವರೆಗೂ ಮಿಶನ್ನಿನ ಕೆಲಸ ಹಬ್ಬಿತು.

ಕಠಿಣ ಪರೀಕ್ಷೆ 1917ರಲ್ಲಿ ಬಂದಿತು. ಹಿಂದೂಸ್ಥಾನಕ್ಕೆ ಹಂತಹಂತವಾಗಿ ಜವಾಬ್ದಾರಿ ಸರಕಾರವನ್ನು ಕೊಡುವೆವೆಂದು ಬ್ರಿಟಿಷ್ ಸರಕಾರವು ಆಗಸ್ಟಿನಲ್ಲಿ ಘೋಷಿಸಿತು. ಹಿಂದಿನ ವರ್ಷ ಲಖನೌದಲ್ಲಿ ಸಿದ್ಧವಾಗಿದ್ದ ಕಾಂಗ್ರೆಸ್-ಲೀಗ್ ಯೋಜನೆಗೆ ಎಲ್ಲ ವರ್ಗಗಳ ಬೆಂಬಲವಿದೆಯೆಂದು ತೋರಿಸಬೇಕಾಗಿತ್ತು. ಆ ಯೋಜನೆಯಲ್ಲಿ ಮುಸಲ್ಮಾನರಿಗೆ ಪ್ರತ್ಯೇಕ ಪ್ರಾತಿನಿಧ್ಯವಿತ್ತು, ಅಸ್ಪೃಶ್ಯರ ಮಾತಿರಲಿಲ್ಲ. ನವೆಂಬರ್ 11ರಂದು ಮುಂಬಯಿಯಲ್ಲಿ ಅಸ್ಪೃಶ್ಯ ವರ್ಗಗಳ ಸಭೆಯೊಂದು ಕೂಡಿ ಯೋಜನೆಗೆ ಬೆಂಬಲವನ್ನು ಸೂಚಿಸಿತು. ತಮ್ಮ ಮೇಲಿನ ನಿರ್ಬಂಧಗಳನ್ನು ತೊಡೆದುಹಾಕುವ ಠರಾವನ್ನು ಕಾಂಗ್ರೆಸ್ ಅಂಗೀಕರಿಸಬೇಕೆಂದು ಕೇಳಿಕೊಂಡಿತು. ಆ ಸಭೆಯ ಅಧ್ಯಕ್ಷರು ಚಂದಾವರಕರರು. ಅದೇ ತಿಂಗಳಲ್ಲಿ, ಅದೇ ನಗರದಲ್ಲಿ, ಬ್ರಾಹ್ಮಣೇತರ ಪಕ್ಷದ ಬಾಪೂಜಿ ನಾಮದೇವ ಬಾಗಡೆಯವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಭೆ ಸೇರಿ, ಆ ಯೋಜನೆಗೆ ತಮ್ಮ ಬೆಂಬಲವಿಲ್ಲವೆಂದೂ ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುವ ಹಕ್ಕು ಬೇಕೆಂದೂ ನಿರ್ಧರಿಸಿತು.

ಡಿಸೆಂಬರಿನಲ್ಲಿ ಕಲಕತ್ತೆಯ ಕಾಂಗ್ರೆಸ್ ಅಸ್ಪೃಶ್ಯರ ಪರವಾಗಿ ತನ್ನ ಮೊದಲ ಠರಾವನ್ನು ಮಾಡಿತು. ಮೂವತ್ತೆರಡು ವರ್ಷಗಳ ಮೌನದ ತರುವಾಯ ಬಂದ ಆ ಠರಾವಿಗೆ ಯೋಜನೆಯ ಬೆಂಬಲವೇ ಬೆಲೆಯಾಗಿತ್ತೆಂದು 1945ರಲ್ಲಿ ಡಾ. ಅಂಬೇಡಕರರು ತಮ್ಮ ಗ್ರಂಥದಲ್ಲಿ ವಿಮರ್ಶಿಸಿದರು. ಚಂದಾವರಕರರ ಅಂತಃಕರಣವನ್ನು ಸಂದೇಹಿಸಬೇಕಾಗಿಲ್ಲ. ಆದರೂ ನೊಂದವರ ಸಭೆಯಲ್ಲಿ ಅಧ್ಯಕ್ಷಪೀಠವು ನೋಯದವರದಾಗಿತ್ತೆಂಬುದನ್ನು ಮರೆಯುವಂತಿಲ್ಲ. ಇಂಥ ಸಂಗತಿ ನಮ್ಮ ದೇಶಕ್ಕೆ ಮಾತ್ರ ಸೇರಿದುದೂ ಅಲ್ಲ. 1913ರಲ್ಲಿ ವಾಷಿಂಗ್ಟನ್ನಿನಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟಾಗ ಕರಿಯ ಸ್ತ್ರೀಯರು ಹಿಂದೆ ನಡೆಯಬೇಕೆಂದು ಬಿಳಿಯ ನಾಯಕಿಯರು ಸೂಚಿಸಿದ್ದರು. ಐಡಾ ವೆಲ್ಸ್ ಎಂಬಾಕೆ ಅದಕ್ಕೆ ಒಪ್ಪದೆ ತನ್ನ ಪ್ರಾಂತದವರ ನಡುವೆಯೇ ನಡೆದಳು.

1918ರಲ್ಲಿ ಸೌಮ್ಯವಾದಿಗಳೊಡನೆ ಕಾಂಗ್ರೆಸ್ಸಿನಿಂದ ದೂರವಾದ ಚಂದಾವರಕರರು 1921ರಿಂದ ಮುಂಬಯಿ ಶಾಸನಸಭೆಯ ಅಧ್ಯಕ್ಷರಾಗಿದ್ದರು. 1923ರ ಮೇ 14ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಮಿಶನ್ನಿನ ಆಡಳಿತವು ತಮ್ಮ ಕೈಯಲ್ಲಿಯೇ ಇರಬೇಕೆಂದು ಅಸ್ಪೃಶ್ಯ ವರ್ಗದ ಕೆಲವರು ಕೇಳಲು, ಶಿಂದೆಯವರು ಅದರ ಅಧಿಕಾರವನ್ನು ಬಿಟ್ಟುಕೊಟ್ಟುದೂ ಆ ವರ್ಷವೇ. ಹದಿನೇಳು ವರ್ಷಗಳ ಹಿಂದೆ ಚಂದಾವರಕರರಂಥವರು ಬಾಗಿಲನ್ನು ತೆರೆಯದಿದ್ದರೆ ಆ ಬೇಡಿಕೆಯು ಅಷ್ಟು ಬೇಗ ಹುಟ್ಟುತ್ತಿರಲಿಲ್ಲವೇನೋ. ಅವರಿಗೆ ನಾವು ಸಲ್ಲಿಸಬೇಕಾದ ಗೌರವ ಅದರಲ್ಲಿದೆ. ಬಾಗಿಲನ್ನು ತೆರೆದವರು ಪೀಠವನ್ನೂ ಬಿಟ್ಟುಕೊಡಬೇಕೆಂಬ ಪಾಠವನ್ನು ಮಾತ್ರ ಅವರ ತಲೆಮಾರು ಕಲಿಯಲಿಲ್ಲ. ಅದನ್ನು ಕಲಿಯುವ ಹೊಣೆ ನಂತರದವರ ಮೇಲೆ ಬಿದ್ದಿದೆ.