ಬೇಡವಾದ ಮೇಲೂ ಉಳಿದ ಹೊಲಿಗೆ: ಜಾನ್ ಬುಗಾಟಿ ಕಥೆ

ಬುಗಾಟಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ವೇರಾನ್, ಶಿರಾನ್. ಆದರೆ ಸೂಪರ್‌ಕಾರ್ ಅನ್ನೋ ಪದ ಯಾರ ಬಾಯಲ್ಲೂ ಇಲ್ಲದ ಕಾಲದಲ್ಲಿ, 1936ರಿಂದ 1938ರೊಳಗೆ, ಇದೇ ಹೆಸರಿನ ಕಂಪನಿ ಒಂದು ವಿಚಿತ್ರವಾದ ಕಾರು ಮಾಡಿತ್ತು. ಅದೇ ಟೈಪ್ 57 ಎಸ್ ಅಟ್ಲಾಂಟಿಕ್. ಮಾಡಿದ್ದು ನಾಲ್ಕೇ ನಾಲ್ಕು. ಮೊದಲನೆಯದು ಹೊರಬಂದಾಗ ಅದರ ವಿನ್ಯಾಸಕ ಜಾನ್ ಬುಗಾಟಿಗೆ ಬರೀ 27 ವರ್ಷ.

ಜಾನ್ ಹುಟ್ಟಿದ್ದು 1909ರ ಜನವರಿಯಲ್ಲಿ, ಜರ್ಮನಿಯ ಕಲೋನ್‌ನಲ್ಲಿ. ಅದೇ ವರ್ಷ ಅಪ್ಪ ಎಟ್ಟೋರೆ ಬುಗಾಟಿ ಅಲ್ಸೇಸ್ ಪ್ರಾಂತ್ಯದ ಮೋಲ್ಸೈಮ್ ಎಂಬ ಊರಿನಲ್ಲಿ ಕಾರ್ಖಾನೆ ಶುರು ಮಾಡಿದರು. ಆಗ ಜರ್ಮನಿಗೆ ಸೇರಿದ್ದ ಆ ಊರು ಮೊದಲನೇ ಮಹಾಯುದ್ಧದ ನಂತರ ಫ್ರಾನ್ಸಿನದಾಯ್ತು. ಅಂದ್ರೆ ಮಗನಿಗೂ ಕಂಪನಿಗೂ ಒಂದೇ ವಯಸ್ಸು. ಮನೆತನ ಕಲಾವಿದರದ್ದು. ತಾತ ಕಾರ್ಲೋ ಪೀಠೋಪಕರಣಗಳ ವಿನ್ಯಾಸಕ, ಚಿಕ್ಕಪ್ಪ ರೆಂಬ್ರಾಂಟ್ ಪ್ರಾಣಿಗಳ ಶಿಲ್ಪಕ್ಕೆ ಹೆಸರಾದವರು. ಜಾನ್ ಇಂಜಿನಿಯರಿಂಗ್ ಕಲಿತದ್ದು ಕಾರ್ಖಾನೆಯ ಒಳಗೇ, ಕೆಲಸಗಾರರ ನಡುವೆ.

23ನೇ ವಯಸ್ಸಿಗೇ ಅವನ ಕೈಗೆ ದೊಡ್ಡ ಕೆಲಸ ಬಂತು. ಬುಗಾಟಿ ರೋಯಾಲ್ ಅಂದ್ರೆ 12.7 ಲೀಟರ್ ಎಂಜಿನ್ನಿನ ರಾಕ್ಷಸ ಗಾತ್ರದ ಕಾರು. ಬಟ್ಟೆ ವ್ಯಾಪಾರಿ ಅರ್ಮಾಂ ಎಸ್ಡೆರ್ಸ್‌ಗಾಗಿ ಅದರ ಮೇಲೆ ಜಾನ್ ಎರಡು ಸೀಟಿನ ಬಾಡಿ ರೂಪಿಸಿದ. ಗಿರಾಕಿಗೆ ರಾತ್ರಿ ಓಡಿಸುವ ಉದ್ದೇಶವೇ ಇರಲಿಲ್ಲ, ಹಾಗಾಗಿ ಆ ಕಾರಿಗೆ ಹೆಡ್‌ಲೈಟ್‌ಗಳೇ ಇರಲಿಲ್ಲ! ಅಷ್ಟು ದೊಡ್ಡ ಯಂತ್ರ ಕೂಡ ನೋಡೋಕೆ ಹಗುರವಾಗಿ ಕಾಣುವಂತೆ ಮಾಡಿದ್ದು ಅವನ ಗೆರೆಗಳು.

ಹಾಗಂತ ಅಪ್ಪ ಎಲ್ಲದಕ್ಕೂ ಹೂಂ ಅಂದವರಲ್ಲ. 1934ರಲ್ಲಿ ಬಂದ ಟೈಪ್ 57ಕ್ಕೆ ಜಾನ್ ಮುಂದಿನ ಚಕ್ರಗಳಿಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಹಾಕಬೇಕು ಅಂದುಕೊಂಡಿದ್ದ. ಎಟ್ಟೋರೆ ಒಪ್ಪಲಿಲ್ಲ, ಹಳೆಯ ಗಟ್ಟಿ ಆಕ್ಸಲ್ಲೇ ಉಳಿಯಿತು. ಹೈಡ್ರಾಲಿಕ್ ಬ್ರೇಕ್ ಬರೋಕೆ 1938ರ ತನಕ ಕಾಯಬೇಕಾಯ್ತು. ಮಗ ರೇಸಿಗೆ ಇಳಿಯೋದಂತೂ ಅಪ್ಪನಿಗೆ ಬೇಡವೇ ಬೇಡ. 1936ರಲ್ಲಿ ಕೆಲಸಗಾರರು ಮುಷ್ಕರ ಹೂಡಿದಾಗ ನೊಂದ ಎಟ್ಟೋರೆ ಪ್ಯಾರಿಸ್ ಸೇರಿಕೊಂಡರು. ಕಾರ್ಖಾನೆಯ ಜವಾಬ್ದಾರಿ ಜಾನ್ ಹೆಗಲಿಗೆ ಬಿತ್ತು.

ಅಟ್ಲಾಂಟಿಕ್ ಕಥೆ ಅದಕ್ಕೆ ಒಂದು ವರ್ಷ ಮೊದಲೇ ಶುರುವಾಗಿತ್ತು. 1935ರ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಏರೋಲಿತ್ ಎಂಬ ಮಾದರಿ ಕಾರು ಇಟ್ಟಿದ್ದರು. ಅದರ ಬಾಡಿ ಎಲೆಕ್ಟ್ರಾನ್ ಎಂಬ ಮೆಗ್ನೀಷಿಯಂ ಮಿಶ್ರಲೋಹದ್ದು ಅಂತಾರೆ. ಮೆಗ್ನೀಷಿಯಂ ಅಲ್ಯೂಮಿನಿಯಂಗಿಂತ ಸುಮಾರು ಮೂರನೇ ಒಂದು ಭಾಗ ಹಗುರ. ಆದರೆ ವೆಲ್ಡಿಂಗ್ ಶಾಖಕ್ಕೆ ಹೊತ್ತಿಕೊಳ್ಳುವ ಸ್ವಭಾವ ಅದರದ್ದು. ಹಾಗಾದ್ರೆ ಎರಡು ತಗಡುಗಳನ್ನು ಸೇರಿಸೋದು ಹೇಗೆ? ತಗಡಿನ ಅಂಚುಗಳನ್ನು ಹೊರಕ್ಕೆ ಮಡಚಿ, ಒಂದಕ್ಕೊಂದು ತಾಗಿಸಿ, ಸಾಲಾಗಿ ರಿವೆಟ್ ಹೊಡೆಯಬೇಕು. ಮೂಗಿನಿಂದ ಬಾಲದ ತನಕ ಬೆನ್ನೆಲುಬಿನ ಹಾಗೆ ಎದ್ದು ನಿಂತ ಆ ಹೊಲಿಗೆ ಹುಟ್ಟಿದ್ದು ಹೀಗೆ.

ಮಾರಾಟದ ಅಟ್ಲಾಂಟಿಕ್‌ಗೆ ಬಳಸಿದ್ದು ಮಾಮೂಲಿ ಅಲ್ಯೂಮಿನಿಯಂ. ಅದನ್ನು ವೆಲ್ಡ್ ಮಾಡಬಹುದಿತ್ತು, ರಿವೆಟ್ ಬೇಕಿರಲಿಲ್ಲ. ಆದರೂ ಜಾನ್ ಆ ಹೊಲಿಗೆಯನ್ನು ತೆಗೆಯಲಿಲ್ಲ. ನಮಗೆ ಅವನು ಹಿಡಿಸೋದು ಇಲ್ಲೇ. ಲೋಹ ಒಡ್ಡಿದ ಅಡ್ಡಿಯಿಂದ ಬಂದ ಗೆರೆಯನ್ನೇ ಅವನು ಕಾರಿನ ಗುರುತು ಮಾಡಿಬಿಟ್ಟ.

ನೋಟಕ್ಕೆ ತಕ್ಕ ಓಟವೂ ಇತ್ತು. ಸಾಲಾಗಿ 8 ಸಿಲಿಂಡರ್, ಎರಡು ಓವರ್‌ಹೆಡ್ ಕ್ಯಾಮ್‌ಶಾಫ್ಟ್, 3,257 ಸಿಸಿ. ಸೂಪರ್‌ಚಾರ್ಜರ್ ಸೇರಿಸಿದರೆ ಸುಮಾರು 200 ಅಶ್ವಶಕ್ತಿ, ಗಂಟೆಗೆ 200 ಕಿ.ಮೀ. ದಾಟುವ ವೇಗ. ಕಾರನ್ನು ನೆಲಕ್ಕೆ ಹತ್ತಿರ ತರೋಕೆ ಹಿಂದಿನ ಆಕ್ಸಲ್ ಅನ್ನು ಚಾಸಿಯಲ್ಲೇ ತೂತು ಬಿಟ್ಟು ಒಳಗಿಂದ ಹಾಯಿಸಿದ್ದರು. ಎಂಜಿನ್ ಆಯಿಲ್‌ಗೆ ಪ್ರತ್ಯೇಕ ಟ್ಯಾಂಕ್ ಇಡುವ ಡ್ರೈ ಸಂಪ್ ವ್ಯವಸ್ಥೆ ಇದ್ದದ್ದರಿಂದ ಎಂಜಿನ್ ಕೂಡ ಕೆಳಗೆ ಕೂರುತ್ತಿತ್ತು.

1939ರ ಜೂನ್‌ನಲ್ಲಿ ಲೆ ಮಾನ್ 24 ಗಂಟೆಗಳ ರೇಸನ್ನು ಬುಗಾಟಿ ಟೈಪ್ 57 ಸಿ ಗೆದ್ದಿತು. ಓಡಿಸಿದವರು ಜಾನ್-ಪಿಯೆರ್ ವಿಮಿಲ್ ಮತ್ತು ಪಿಯೆರ್ ವೇರಾನ್. ನಮ್ಮ ಕಾಲದ ವೇರಾನ್ ಕಾರಿಗೆ ಹೆಸರು ಬಂದದ್ದು ಈ ಎರಡನೆಯವರಿಂದಲೇ. ಅದೇ ವರ್ಷ ಆಗಸ್ಟ್ 11ರ ರಾತ್ರಿ, ಲೆ ಮಾನ್ ಗೆದ್ದ ಆ ಕಾರನ್ನು ಜಾನ್ ಮೋಲ್ಸೈಮ್ ಹತ್ತಿರದ ರಸ್ತೆಯಲ್ಲಿ ಪರೀಕ್ಷೆ ಮಾಡ್ತಿದ್ದ. ಪರೀಕ್ಷೆಗಾಗಿ ರಸ್ತೆ ಮುಚ್ಚಿದ್ದರೂ ಒಬ್ಬ ಸೈಕಲ್ ಸವಾರ ಅಡ್ಡ ಬಂದ. ಅವನನ್ನು ಉಳಿಸೋಕೆ ಜಾನ್ ಸ್ಟೀರಿಂಗ್ ತಿರುಗಿಸಿದ, ಕಾರು ಮರಕ್ಕೆ ಬಡಿಯಿತು. ಅವನಿಗೆ 30 ವರ್ಷ. ಯಾವ ಭಯಕ್ಕೆ ಅಪ್ಪ ರೇಸ್ ಬೇಡ ಅಂದಿದ್ದರೋ ಅದು ಊರ ಪಕ್ಕದ ರಸ್ತೆಯಲ್ಲೇ ನಡೆದುಹೋಯ್ತು. ಮೂರು ವಾರಕ್ಕೆ ಎರಡನೇ ಮಹಾಯುದ್ಧ ಶುರುವಾಯ್ತು. 1947ರಲ್ಲಿ ಎಟ್ಟೋರೆ ಕೂಡ ತೀರಿಕೊಂಡರು.

ನಾಲ್ಕು ಅಟ್ಲಾಂಟಿಕ್‌ಗಳಲ್ಲಿ ಇವತ್ತು ಉಳಿದಿರೋದು ಮೂರು. ಅವುಗಳಲ್ಲಿ ಒಂದು 1955ರಲ್ಲಿ ರೈಲಿಗೆ ಸಿಕ್ಕಿ ನುಜ್ಜುಗುಜ್ಜಾಗಿ ಆಮೇಲೆ ಮತ್ತೆ ಕಟ್ಟಿದ್ದು. ನಾಲ್ಕನೆಯದು ಜಾನ್ ತಾನೇ ಓಡಿಸುತ್ತಿದ್ದ ಕಪ್ಪು ಕಾರು. ಯುದ್ಧದ ಗಲಾಟೆಯಲ್ಲಿ ಕಾಣೆಯಾದದ್ದು ಇನ್ನೂ ಸಿಕ್ಕಿಲ್ಲ. ಹೊಲಿಗೆ ಮಾತ್ರ ಎಲ್ಲೂ ಹೋಗಿಲ್ಲ. ಶಿರಾನ್ ಫೋಟೋವನ್ನು ಮೇಲಿನಿಂದ ನೋಡಿ, ಬೆನ್ನ ಉದ್ದಕ್ಕೂ ಒಂದು ಗೆರೆ ಕಾಣುತ್ತೆ. ಅಲ್ಲಿ ರಿವೆಟ್ ಇಲ್ಲ, ಮೆಗ್ನೀಷಿಯಂ ತಗಡೂ ಇಲ್ಲ. ಆ ಗೆರೆ ಜಾನ್‌ನದು.