ಗುಬ್ಬಿ ಗೇಟಿನ ಆಚೆ ಒಂದು ಕಂಪನಿ

ತುಮಕೂರಿಗೆ ಹೊಸದಾಗಿ ಬಂದಾಗ ನಮಗೆ ಒಂದು ವಿಷಯ ಅರ್ಥ ಆಗ್ತಿರಲಿಲ್ಲ. ಶಿರಾ ಗೇಟ್ ಅಂತಾರೆ, ಗುಬ್ಬಿ ಗೇಟ್ ಅಂತಾರೆ, ಆದ್ರೆ ಎಲ್ಲೂ ಗೇಟೇ ಕಾಣಲ್ಲ! ಆಮೇಲೆ ಗೊತ್ತಾಯ್ತು, ಒಂದು ಶಿರಾ ಕಡೆಗೆ ಹೋಗೋ ದಾರಿ, ಇನ್ನೊಂದು ಗುಬ್ಬಿ ಕಡೆಗೆ ಹೋಗೋ ದಾರಿ. ನಾವು ಎರಡು ವರ್ಷದಿಂದ ಶಿರಾ ಗೇಟ್ ಹತ್ತಿರಾನೇ ಇದ್ದೀವಿ. ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಗೆ ಒಂದು ಸಲಾನೂ ಹೋಗಿರಲಿಲ್ಲ. ಹೋಗೋ ಹಾಗೆ ಮಾಡಿದ್ದು ನಮ್ಮ ಜಗಳ.

ನಮ್ಮ ಬ್ಯಾಂಡ್ ವಿಷಯ ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ಗೊತ್ತು. ಐದು ಜನ ಇದ್ವಿ. ಶಿರಾ ಗೇಟಿನ ಒಂದು ಮನೆಯ ಮಹಡಿ ರೂಮಿನಲ್ಲಿ, ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ, ಕನ್ನಡ ರಾಕ್ ಮಾಡ್ತೀವಿ ಅಂತ ಪ್ರಾಕ್ಟೀಸ್ ಮಾಡ್ತಿದ್ವಿ. ಫೆಸ್ಟಿಗೆ ಒಂದು ತಿಂಗಳು ಇರುವಾಗ ನಮ್ಮ ಕೀಬೋರ್ಡ್ ಹುಡುಗ, ಶನಿವಾರ ಭಾನುವಾರ ಬೆಂಗಳೂರಿಗೆ ಹೋಗಿ ಒಬ್ಬ ಗುರುಗಳ ಹತ್ತಿರ ಹಿಂದೂಸ್ತಾನಿ ಕಲಿಯೋಕೆ ಶುರು ಮಾಡ್ತೀನಿ ಅಂದ. ನಮಗೆ ಕೋಪ ಬಂತು. ಇದು ಮೋಸ ಅಂದ್ವಿ. ಮಾತಿಗೆ ಮಾತು ಬೆಳೀತು. ಆವತ್ತು ರಾತ್ರಿ ಅವನನ್ನು ವಾಟ್ಸಾಪ್ ಗ್ರೂಪಿನಿಂದ ತೆಗೆದು ಹಾಕಿದ್ವಿ.

ಕೆಳಗಡೆ ಮನೆಯ ಅಜ್ಜನಿಗೆ ಎಲ್ಲಾ ಕೇಳಿಸಿತ್ತು. ಮಾರನೇ ದಿನ ನಮ್ಮನ್ನು ಕೂರಿಸಿಕೊಂಡು, ಗುಬ್ಬಿ ಕಂಪನಿ ಗೊತ್ತಾ ಅಂತ ಕೇಳಿದರು. ನಾವೆಲ್ಲ ಇಂಗ್ಲಿಷ್ ಮೀಡಿಯಂ. ವೀರಣ್ಣ ಅನ್ನೋ ಹೆಸರು ಇಲ್ಲಿನ ಕಲಾಕ್ಷೇತ್ರದ ಬೋರ್ಡಿನ ಮೇಲೆ ನೋಡಿದ್ದೆವು, ಅಷ್ಟೇ. ಅಜ್ಜ ಚಿಕ್ಕವರಿದ್ದಾಗ ಅಪ್ಪನ ತೊಡೆ ಮೇಲೆ ಮಲಗಿ, ಎದ್ದು, ಮತ್ತೆ ಮಲಗಿ ಬೆಳಗಿನ ಜಾವದವರೆಗೆ ಅವರ ನಾಟಕ ನೋಡಿದ್ದರಂತೆ. ಐದು ಜನರನ್ನು ಎರಡು ವರ್ಷ ಇಟ್ಟುಕೊಳ್ಳೋಕೆ ಆಗದೇ ಇರೋರು, ಅಷ್ಟು ದೊಡ್ಡ ಕಂಪನೀನ ದಶಕಗಟ್ಟಲೆ ನಡೆಸಿದವರ ಬಗ್ಗೆ ಸ್ವಲ್ಪ ಓದಿಕೊಳ್ಳಿ ಅಂತ ಹೇಳಿ ಕಳಿಸಿದರು. ಓದಿದ್ವಿ. ಗುಬ್ಬಿಗೂ ಹೋಗಿ ಬಂದ್ವಿ. ನಮಗೆ ಸಿಕ್ಕಿದ್ದನ್ನ ಇಲ್ಲಿ ಬರೀತಾ ಇದ್ದೀವಿ.

ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿಯ ದೇವಸ್ಥಾನ ಇದೆ. ಆ ಸ್ವಾಮಿಯ ಹೆಸರಿನಲ್ಲೇ 1884ರಲ್ಲಿ ಊರಿನವರು ಸೇರಿ ಒಂದು ನಾಟಕ ಕಂಪನಿ ಶುರು ಮಾಡಿದರು. ಅದೇ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ರಾಕ್ ಕೇಳೋರಿಗೆ ಅರ್ಥ ಆಗೋ ಹಾಗೆ ಹೇಳಬೇಕು ಅಂದ್ರೆ, ರೋಲಿಂಗ್ ಸ್ಟೋನ್ಸ್ ಶುರುವಾಗಿದ್ದು 1962ರಲ್ಲಿ. ಅದಕ್ಕಿಂತ 78 ವರ್ಷ ಮೊದಲೇ ನಮ್ಮ ಜಿಲ್ಲೆಯಿಂದ ಒಂದು ತಂಡ ವಾದ್ಯ, ಪರದೆ, ಬಣ್ಣದ ಪೆಟ್ಟಿಗೆ ಕಟ್ಟಿಕೊಂಡು ಊರೂರು ಸುತ್ತೋಕೆ ಹೊರಟಿತ್ತು.

ವೀರಣ್ಣ ಹುಟ್ಟಿದ್ದು 1891ರಲ್ಲಿ. ಅಪ್ಪನ ಹೆಸರು ಹಂಪಣ್ಣ. ಹುಡುಗನಿಗೆ ಸುಮಾರು ಆರು ವರ್ಷ ಆದಾಗಲೇ ಕಂಪನಿಗೆ ಸೇರಿದ. ನಾವು ಯುಕೆಜಿ ಓದೋ ವಯಸ್ಸು ಅದು! ಅಲ್ಲಿಂದ ಮುಂದೆ ಕಂಪನಿಯೇ ಅವನ ಶಾಲೆ. ಹಾಡೋದು, ಕುಣಿಯೋದು, ಬಣ್ಣ ಹಚ್ಚಿಕೊಳ್ಳೋದು, ಸಾವಿರ ಜನರ ಮುಂದೆ ಹೆದರದೆ ನಿಲ್ಲೋದು, ಎಲ್ಲಾ ಕಲಿತದ್ದು ಅಲ್ಲಿ. ಬೆಳೀತಾ ಬೆಳೀತಾ ಹಾಸ್ಯಪಾತ್ರಗಳಲ್ಲಿ ಹೆಸರು ಮಾಡಿದರು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ ಸದಾರಮೆ ನಾಟಕದಲ್ಲಿ ಒಬ್ಬ ಕಳ್ಳ ಬರ್ತಾನೆ. ಆ ಕಳ್ಳನ ಪಾತ್ರ ವೀರಣ್ಣನವರದ್ದು. ಕಥೆಯ ನಾಯಕ ರಾಜಕುಮಾರ, ಆದರೆ ಜನ ಟಿಕೆಟ್ ತಗೊಳ್ತಿದ್ದದ್ದು ಕಳ್ಳನನ್ನು ನೋಡೋಕೆ. ಮೈಸೂರು ಮಹಾರಾಜರ ಆಸ್ಥಾನದವರೆಗೂ ಅವರ ಹಾಸ್ಯದ ಹೆಸರು ಹೋಯಿತು.

1917ರಲ್ಲಿ ಕಂಪನಿಯ ಯಜಮಾನಿಕೆ ಅವರ ಕೈಗೆ ಬಂತು. ಆಗ ಅವರಿಗೆ 26 ವರ್ಷ. ಮುಂದಿನ ಕಥೆ ಬರೀ ನಟನೆಯ ಕಥೆ ಅಲ್ಲ, ಜನರನ್ನು ನಡೆಸಿಕೊಂಡು ಹೋಗೋ ಕಥೆ.

ಕಂಪನಿ ನಾಟಕ ಹೇಗಿರ್ತಿತ್ತು ಅನ್ನೋದನ್ನ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ನಮ್ಮ ತರ ಬ್ಯಾಂಡ್ ಮಾಡೋರಿಗೆ ಇದು ನಮ್ಮದೇ ಕಥೆ ಅನ್ಸುತ್ತೆ. ಒಂದು ಊರಿಗೆ ಬಂದು ಡೇರೆ ಹಾಕಿ ನಿಂತರೆ ಅದಕ್ಕೆ ಕ್ಯಾಂಪ್ ಅಂತಿದ್ದರು. ಕಲೆಕ್ಷನ್ ಇರೋವರೆಗೂ ಅಲ್ಲೇ. ಆಮೇಲೆ ಎಲ್ಲಾ ಕಳಚಿ ಮುಂದಿನ ಊರು. ಮುಂದೆ ಕುರ್ಚಿ, ಹಿಂದೆ ಬೆಂಚು, ಕಡಿಮೆ ದುಡ್ಡಿನವರಿಗೆ ನೆಲ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದವನಿಗೂ ಹಾಡು ಕೇಳಿಸಬೇಕು. ರಂಗದ ಮುಂದೆ ಒಂದು ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು, ಜೊತೆಗೆ ತಬಲಾ. ಕಾಲಿನಿಂದ ತಿದಿ ಒತ್ತುತ್ತಾ ಎರಡೂ ಕೈಯಲ್ಲಿ ನುಡಿಸೋ ಕಾಲು ಹಾರ್ಮೋನಿಯಂ ಅದು. ನಟ ಶ್ರುತಿ ತಪ್ಪಿದರೆ ಎಳೆದು ತರೋದು, ಮಾತು ಮರೆತರೆ ಸ್ವರ ತುಂಬಿ ಟೈಮ್ ಕೊಡೋದು, ಎಲ್ಲಾ ಆ ಮೇಷ್ಟ್ರ ಕೆಲಸ. ನಮ್ಮ ಕೀಬೋರ್ಡ್ ಹುಡುಗ ಮಾಡ್ತಿದ್ದದ್ದೂ ಅದೇ ಅಂತ ಇದನ್ನ ಓದುವಾಗ ನೆನಪಾಯ್ತು.

ಹಾಡುಗಳಲ್ಲಿ ಕರ್ನಾಟಕ ಸಂಗೀತ ಇತ್ತು, ಹಿಂದೂಸ್ತಾನಿ ಇತ್ತು, ಮರಾಠಿ ನಾಟಕಗಳ ಮಟ್ಟು ಇತ್ತು, ಪಾರ್ಸಿ ಕಂಪನಿಗಳಿಂದ ಬಂದ ಧಾಟಿಗಳೂ ಇದ್ದವು. ಜನಪ್ರಿಯ ಮಟ್ಟಿಗೆ ಹೊಸ ಕನ್ನಡ ಸಾಹಿತ್ಯ ಕೂರಿಸೋದು ಮಾಮೂಲಿ. ಕವರ್ ಸಾಂಗ್ ಹಾಡ್ತೀರಿ ಅಂತ ನಮ್ಮನ್ನ ಬಯ್ಯೋರು ಇದನ್ನ ಗಮನಿಸಬೇಕು! ಹಾಡು ಜನಕ್ಕೆ ಹಿಡಿಸಿದರೆ ಒನ್ಸ್ ಮೋರ್ ಅಂತ ಕೂಗು ಬೀಳ್ತಿತ್ತು. ಯುದ್ಧಕ್ಕೆ ಹೊರಟ ರಾಜ ಅಲ್ಲೇ ನಿಂತು ಇನ್ನೊಂದು ಸಲ ಹಾಡಿ ಆಮೇಲೆ ಯುದ್ಧಕ್ಕೆ ಹೋಗ್ತಿದ್ದ. ಸತ್ತು ಬಿದ್ದವನು ಎದ್ದು ಹಾಡಿ ಮತ್ತೆ ಸತ್ತ ಕಥೆಗಳೂ ಕಂಪನಿ ನಾಟಕದವರ ಬಾಯಲ್ಲಿ ಬೇಕಾದಷ್ಟಿವೆ.

ಇಂಥ ಕಂಪನಿಯನ್ನು ವೀರಣ್ಣ ಎಷ್ಟು ದೊಡ್ಡದು ಮಾಡಿದರು ಅಂದ್ರೆ, 1934ರಲ್ಲಿ ಕುರುಕ್ಷೇತ್ರ ನಾಟಕ ಮಾಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದರು. ಒಂದು ಆನೆ ನಿಲ್ಲೋ ಸ್ಟೇಜಿಗೆ ಎಷ್ಟು ಲೋಡ್ ಲೆಕ್ಕ ಹಾಕಬೇಕು ಅಂತ ನಮ್ಮ ಸಿವಿಲ್ ಬ್ರಾಂಚಿನವರು ಯೋಚನೆ ಮಾಡಿ. ನಾಟಕ ಅಂದರೆ ಕಣ್ಣಿಗೂ ಹಬ್ಬ ಆಗಬೇಕು ಅನ್ನೋದು ಅವರ ಲೆಕ್ಕ. ಬೆಳಕು, ಸೀನರಿ, ಟ್ರಿಕ್ ಸೀನು, ಯಾವುದಕ್ಕೂ ದುಡ್ಡು ಹಿಡೀತಿರಲಿಲ್ಲ. ಕಂಪನಿ ಕನ್ನಡದಲ್ಲಿ ಮಾತ್ರ ಅಲ್ಲ, ತೆಲುಗಿನಲ್ಲೂ ನಾಟಕ ಆಡ್ತಿತ್ತು. ಆಂಧ್ರದ ಕಡೆಯೂ ಅವರಿಗೆ ದೊಡ್ಡ ಹೆಸರಿತ್ತು.

ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡ್ತಿದ್ದ ಕಾಲ ಅದು. ನಾಟಕಕ್ಕೆ ಹೋಗೋ ಹೆಣ್ಣುಮಕ್ಕಳನ್ನು ಸಮಾಜ ಒಳ್ಳೇ ಕಣ್ಣಿನಿಂದ ನೋಡ್ತಿರಲಿಲ್ಲ. ಗುಬ್ಬಿ ಕಂಪನಿ ಹೆಂಗಸರನ್ನು ರಂಗಕ್ಕೆ ತಂದಿತು. ವೀರಣ್ಣನವರ ಪತ್ನಿಯರಾದ ಸುಂದರಮ್ಮ, ಭದ್ರಮ್ಮ, ಬಿ. ಜಯಮ್ಮ ಮೂವರೂ ಕಂಪನಿಯ ನಟಿಯರೇ. ಮೂರು ಮದುವೆಯ ವಿಷಯ ಇವತ್ತು ಓದುವಾಗ ನಮಗೆ ಸ್ವಲ್ಪ ಕಸಿವಿಸಿ ಆಗುತ್ತೆ, ಅದನ್ನ ಮುಚ್ಚಿಡೋದು ಬೇಡ. ಆದರೆ ಆ ಹೆಣ್ಣುಮಕ್ಕಳು ಯಾರದೋ ನೆರಳಾಗಿ ಉಳಿಯಲಿಲ್ಲ ಅನ್ನೋದೂ ನಿಜ. ಜಯಮ್ಮನವರಂತೂ ಹಾಡಿಗೂ ಅಭಿನಯಕ್ಕೂ ಹೆಸರಾದರು, ಮುಂದೆ ಹೇಮರೆಡ್ಡಿ ಮಲ್ಲಮ್ಮ ಸಿನಿಮಾದ ನಾಯಕಿಯೂ ಆದರು.

ಸಿನಿಮಾ ಬಂದಾಗ ಎಷ್ಟೋ ನಾಟಕದವರು ಅದನ್ನ ಶತ್ರು ಅಂದುಕೊಂಡರು. ವೀರಣ್ಣ ಸುಮ್ಮನೆ ಕೂರಲಿಲ್ಲ. ಮೂಕಿ ಸಿನಿಮಾ ಕಾಲದಲ್ಲೇ ಅದಕ್ಕೆ ಕೈ ಹಾಕಿದರು. 1935ರಲ್ಲಿ ಸದಾರಮೆ ಟಾಕಿ ಬಂದಾಗ ಅದರಲ್ಲಿ ನಟಿಸಿದರು. ಸುಭದ್ರಾ, ಜೀವನ ನಾಟಕ ಹೀಗೆ ಒಂದೊಂದೇ ಸಿನಿಮಾ ಮಾಡ್ತಾ ಹೋದರು. ನಾಟಕದಲ್ಲಿ ಬಂದದ್ದು ಎಷ್ಟೋ ಸಲ ಇನ್ನೊಂದು ಸಾಹಸಕ್ಕೆ ಹೋಗ್ತಿತ್ತು. ಅವರ ಬದುಕಲ್ಲಿ ಲಾಭ, ನಷ್ಟ ಎರಡೂ ದೊಡ್ಡದಾಗೇ ಇದ್ದವು.

1954ರಲ್ಲಿ ಅವರ ಸಂಸ್ಥೆ ಎವಿಎಂ ಜೊತೆ ಸೇರಿ ಬೇಡರ ಕಣ್ಣಪ್ಪ ಸಿನಿಮಾ ಮಾಡಿತು. ನಾಯಕ ಯಾರು? ಮುತ್ತುರಾಜ್ ಅನ್ನೋ ಹುಡುಗ. ಅವನ ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ಕಲಾವಿದರು. ಹುಡುಗ ಬೆಳೆದದ್ದೂ ಕಂಪನಿಯ ನೆರಳಿನಲ್ಲೇ. ಆ ಸಿನಿಮಾದಿಂದ ಅವನ ಹೆಸರು ರಾಜ್‌ಕುಮಾರ್ ಆಯ್ತು. ಮುಂದಿನದ್ದು ನಾವು ಹೇಳೋದು ಬೇಡ, ನಿಮ್ಮ ಅಪ್ಪ ಅಮ್ಮನನ್ನು ಕೇಳಿ! ಅದೇ ಸಿನಿಮಾದಲ್ಲಿ ನಮ್ಮ ತಿಪಟೂರಿನ ನರಸಿಂಹರಾಜು ಇದ್ದರು, ಜಿ.ವಿ. ಅಯ್ಯರ್ ಇದ್ದರು. ಇಬ್ಬರೂ ಗುಬ್ಬಿ ಕಂಪನಿಯ ಅನ್ನ ಉಂಡವರು. ಬಾಲಕೃಷ್ಣ ಕೂಡ ಅದೇ ಕಂಪನಿಯಲ್ಲಿ ಪಳಗಿದವರು. ಇವರೆಲ್ಲ ಸಿನಿಮಾಕ್ಕೆ ಹೋದರೆ ಕಂಪನಿಗೆ ನಷ್ಟ. ವೀರಣ್ಣನವರಿಗೆ ಅದು ಗೊತ್ತಿರಲಿಲ್ಲ ಅಂತ ಅನ್ನಿಸಲ್ಲ. ಆದ್ರೂ ಬಾಗಿಲು ತೆಗೆದವರಲ್ಲಿ ಅವರೇ ಒಬ್ಬರು.

ನಮಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಇನ್ನೊಬ್ಬ ಹುಡುಗನ ಕಥೆ. ದಕ್ಷಿಣ ಕನ್ನಡದ ಕಡೆಯ ಹುಡುಗ. ನಾಟಕದ ಹುಚ್ಚಿಗೆ ಮನೆ ಬಿಟ್ಟು ಓಡಿ ಬಂದು ಗುಬ್ಬಿ ಕಂಪನಿ ಸೇರಿದವನು. ಪಾತ್ರ ಮಾಡಿದ, ಹಾಡಿದ, ಕಂಪನಿಯ ಕೆಲಸ ಎಲ್ಲಾ ಕಲಿತ. ಚೆನ್ನಾಗಿ ಪಳಗಿದ ಇಂಥ ಹುಡುಗನನ್ನು ಯಾವ ಯಜಮಾನ ಆದ್ರೂ ಬಿಡ್ತಾನಾ? ವೀರಣ್ಣ ಬಿಟ್ಟರು. ಬಿಟ್ಟದ್ದು ಮಾತ್ರ ಅಲ್ಲ, ತಾವೇ ಬನಾರಸಿಗೆ ಓದೋಕೆ ಕಳಿಸಿದರು. ಅಲ್ಲಿ ಅವನು ಹಿಂದಿಯಲ್ಲಿ ಎಂಎ ಮಾಡಿದ, ಪಂಡಿತ್ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತ ಕಲಿತ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, ಮುಂದೆ ಅದಕ್ಕೇ ನಿರ್ದೇಶಕನಾದ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದ. ಅವರೇ ಬಿ.ವಿ. ಕಾರಂತ.

ಕಾರಂತರು ಕಂಪನಿಗೆ ವಾಪಸ್ ಬಂದು ಹಾರ್ಮೋನಿಯಂ ಮುಂದೆ ಕೂರಲಿಲ್ಲ. ಆದರೆ ರಂಗಸಂಗೀತ ಅಂದ ತಕ್ಷಣ ಕನ್ನಡದವರ ಬಾಯಿಗೆ ಮೊದಲು ಬರೋ ಹೆಸರುಗಳಲ್ಲಿ ಅವರದ್ದೂ ಒಂದು. ಅದರಲ್ಲಿ ಗುಬ್ಬಿಯ ಪಾಲು ಇದೆ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕೂಡ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಕಲಿತು ಬಂದು, ನಟಿಯಾಗಿ ಗಾಯಕಿಯಾಗಿ ರಂಗದ ಮೇಲೆ ದೊಡ್ಡ ಹೆಸರು ಮಾಡಿದರು, ರಾಜ್ಯಸಭೆಗೂ ಹೋದರು. ಅವರ ದನಿ ಕೇಳಿದರೆ ಮೈಕು ಇಲ್ಲದ ಕಾಲದ ದನಿ ಹೇಗಿತ್ತು ಅಂತ ಅಂದಾಜಾಗುತ್ತೆ.

ವೀರಣ್ಣನವರಿಗೆ ನಾಟಕ ರತ್ನ ಅನ್ನೋ ಬಿರುದು ಬಂತು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ. ಆತ್ಮಕಥೆಗೆ ಅವರು ಕೊಟ್ಟ ಹೆಸರು ಕಲೆಯೇ ಕಾಯಕ. ಪದ್ಮಶ್ರೀ ಬಂದ ವರ್ಷವೇ, 1972ರ ಅಕ್ಟೋಬರ್ 18ರಂದು ತೀರಿಕೊಂಡರು. ಆರನೇ ವಯಸ್ಸಿಗೆ ಬಣ್ಣ ಹಚ್ಚಿದವರು 81ನೇ ವಯಸ್ಸಿನವರೆಗೆ ಅದೇ ಲೋಕದ ಮನುಷ್ಯರಾಗಿ ಬದುಕಿದರು.

ಗುಬ್ಬಿಗೆ ನಾವು ಹೋದದ್ದು ಒಂದು ಭಾನುವಾರ. ದೇವಸ್ಥಾನಕ್ಕೆ ಹೋಗಿ ಕೈ ಮುಗಿದು, ಬೀದಿ ಬೀದಿ ಸುತ್ತಿದ್ವಿ. ನೋಡೋಕೆ ನಮ್ಮ ಎಲ್ಲಾ ತಾಲೂಕು ಊರುಗಳ ತರಾನೇ ಇದೆ. ಬಸ್ ಸ್ಟ್ಯಾಂಡು, ಟೀ ಅಂಗಡಿ, ಮೊಬೈಲ್ ಅಂಗಡಿ. ಇಷ್ಟು ಚಿಕ್ಕ ಊರಿನಿಂದ ಅಷ್ಟು ದೊಡ್ಡ ಕಂಪನಿ ಹೊರಟಿತ್ತಾ ಅಂತ ಆಶ್ಚರ್ಯ ಆಯ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ನಾಲ್ಕೇ ಜನ ಇದ್ವಿ. ಐದನೆಯವನು ಆ ಹೊತ್ತಿಗೆ ಬೆಂಗಳೂರಿನಲ್ಲಿ ಕ್ಲಾಸಲ್ಲಿ ಇದ್ದಿರಬೇಕು.

ನಾವು ಅಂದುಕೊಂಡಿದ್ದು, ಬ್ಯಾಂಡ್ ಅಂದ್ರೆ ಯಾರೂ ಎಲ್ಲೂ ಹೋಗದ ಹಾಗೆ ಹಿಡಿದುಕೊಳ್ಳೋದು ಅಂತ. ವೀರಣ್ಣನವರ ಕಥೆ ಓದಿದ ಮೇಲೆ ಅದು ತಪ್ಪು ಅನ್ನಿಸ್ತು. ಅವರು ಇದ್ದವರಿಗೆ ಅನ್ನ ಹಾಕಿದರು, ಕಲಿಯೋಕೆ ಹೊರಟವನಿಗೆ ದಾರಿ ಖರ್ಚು ಕೊಟ್ಟರು. ಕಂಪನಿಯ ಡೇರೆ ಇವತ್ತು ಇಲ್ಲ. ಆದರೆ ಅಲ್ಲಿಂದ ಹೋದವರು ಕನ್ನಡ ನಾಟಕ, ಸಿನಿಮಾ, ಸಂಗೀತದ ತುಂಬಾ ಇದ್ದಾರೆ.

ಶಿರಾ ಗೇಟಿಗೆ ಬಂದ ಮೇಲೆ ನಮ್ಮ ಕೀಬೋರ್ಡ್ ಹುಡುಗನಿಗೆ ಫೋನ್ ಮಾಡಿದ್ವಿ. ಕ್ಷಮಿಸು ಅಂದ್ವಿ. ಶನಿವಾರ ಭಾನುವಾರ ಬಿಟ್ಟು ವಾರದ ದಿನ ಪ್ರಾಕ್ಟೀಸ್ ಇಟ್ಟುಕೊಳ್ಳೋಣ, ಆಗದಿದ್ದರೂ ಪರವಾಗಿಲ್ಲ, ಕ್ಲಾಸ್ ಮಾತ್ರ ಬಿಡಬೇಡ ಅಂದ್ವಿ. ಅವನು ಯೋಚನೆ ಮಾಡ್ತೀನಿ ಅಂದಿದ್ದಾನೆ. ಇದನ್ನ ಬರೆದು ಮುಗಿಸೋ ಹೊತ್ತಿಗೂ ಉತ್ತರ ಬಂದಿಲ್ಲ. ಫೆಸ್ಟಿನ ದಿನ ನಾಲ್ಕು ಜನ ಹತ್ತಿದರೂ ಸ್ಟೇಜಿನ ಪಕ್ಕದಲ್ಲಿ ಒಂದು ಕೀಬೋರ್ಡ್ ಇಟ್ಟಿರ್ತೀವಿ. ಅವನು ಬಂದು ನುಡಿಸಿದರೆ ನೀವೆಲ್ಲ ಒನ್ಸ್ ಮೋರ್ ಅಂತ ಕೂಗಬೇಕು, ಮರೀಬೇಡಿ.