ಬಳೆಯ ಕುಲುಮೆಯನ್ನು ಕಂಡ ಬುಕಾನನ್

ನಮ್ಮ ಹುಲಿಕುಂಟೆಯ ಕಡೆ ಮಲಾರ ಹೊತ್ತ ಬಳೆಗಾರ ಊರಿಗೆ ಬಂದನೆಂದರೆ ಹೆಂಗಸರಿಗೆಲ್ಲ ಹಬ್ಬ. ಅವ್ವನ ಮಗ್ಗುಲಲ್ಲಿ ಕುಳಿತು ನಾನೂ ಎಷ್ಟೋ ಸಲ ಕೈಯೊಡ್ಡಿದ್ದೇನೆ. ಆದರೆ ಆ ಬಳೆಯನ್ನು ಯಾರು ಮಾಡುವರು, ಯಾವುದರಿಂದ ಮಾಡುವರು ಎಂದು ಒಂದು ದಿನವಾದರೂ ಕೇಳಿದವಳಲ್ಲ. ಹಾಗೆ ಕೇಳಿದವನೊಬ್ಬನು ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ಸೀಮೆಯಲ್ಲಿಯೇ ಸಂಚರಿಸಿದ್ದನೆಂಬುದು ಕಾಲೇಜಿಗೆ ಬಂದ ಮೇಲೆ ತಿಳಿಯಿತು. ಆತನೇ ಡಾಕ್ಟರ್ ಫ್ರಾನ್ಸಿಸ್ ಬುಕಾನನ್.

ಬುಕಾನನ್ ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಓದಿ 1783ರಲ್ಲಿ ಪದವಿ ಪಡೆದನು. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಬಂಗಾಳವನ್ನು ಸೇರಿದನು. ವೃತ್ತಿ ವೈದ್ಯಕೀಯವಾದರೂ ಮನಸ್ಸೆಲ್ಲ ಗಿಡಮರಗಳ ಮೇಲೆ, ಜನಜೀವನದ ಮೇಲೆ.

1799ರಲ್ಲಿ ಟಿಪ್ಪುಸುಲ್ತಾನನು ಮಡಿದ ತರುವಾಯ, ಗವರ್ನರ್ ಜನರಲ್ ವೆಲ್ಲೆಸ್ಲಿಯು ಮೈಸೂರು ಸೀಮೆಯ ಬೆಳೆ, ಕಸುಬು, ವ್ಯಾಪಾರಗಳನ್ನು ತಿಳಿದು ಬರಲು ಈತನನ್ನು ನೇಮಿಸಿದನು. 1800ರ ಏಪ್ರಿಲ್‌ನಲ್ಲಿ ಮದರಾಸನ್ನು ಬಿಟ್ಟ ಬುಕಾನನ್ ಒಂದು ವರ್ಷಕ್ಕೂ ಮಿಗಿಲಾಗಿ ಊರೂರು ತಿರುಗಿದನು. ಚನ್ನಪಟ್ಟಣದಲ್ಲಿ ಗಾಜಿನ ಬಳೆ, ಕುಪ್ಪಿಗಳನ್ನು ಕಂಡನು. ಅದೇ ವರ್ಷ ಶಿರಾ, ಮಧುಗಿರಿಗಳ ಕಡೆಗೂ ಬಂದು, ಚನ್ನರಾಯನದುರ್ಗದ ಸುತ್ತಿನಲ್ಲಿ ಕಬ್ಬಿಣ ಕರಗಿಸುವ ಬಗೆಯನ್ನು ವಿಚಾರಿಸಿ ಬರೆದುಕೊಂಡನು.

ಮರುವರ್ಷ ಹಿಂದಿರುಗುವಾಗ ಆತನು ಹೊಸದುರ್ಗ ಸೀಮೆಯ ಮತ್ತೋಡಿಗೆ ಬಂದನು. ಅದು ಬಳೆಯ ಗಾಜಿಗೆ ಹೆಸರಾದ ಊರು. ಮುಂದೆ ಮೈಸೂರು ಗೆಜೆಟಿಯರೂ ಅಲ್ಲಿನ ಕಸುಬನ್ನು ವರ್ಣಿಸಿತು. ಕುಲುಮೆಯನ್ನು ಕಟ್ಟುವ ರೀತಿಯೇ ಒಂದು ಸೋಜಿಗ. ಹುಲ್ಲನ್ನು ಗುಮ್ಮಟದಂತೆ ಜೋಡಿಸಿ, ಮೇಲೆ ಹದವಾದ ಮಣ್ಣನ್ನು ಬಳಿಯುವುದು; ಒಣಗಿದ ಮೇಲೆ ಮತ್ತೊಂದು ಪದರ; ಸಾಕಷ್ಟು ದಪ್ಪವಾದ ಬಳಿಕ ಒಳಗಿನ ಹುಲ್ಲಿಗೆ ಬೆಂಕಿಯಿಡುವುದು. ಹುಲ್ಲು ಉರಿದುಹೋಗಿ ಕುಲುಮೆ ಉಳಿಯುತ್ತಿತ್ತು.

ಗಾಜಿಗೆ ಬೇಕಾದದ್ದು ಬೆಣಚುಕಲ್ಲಿನ ಪುಡಿ ಮತ್ತು ಚೌಳುಮಣ್ಣಿನ ಕ್ಷಾರ. ಬೆಣಚುಕಲ್ಲು ತಾನಾಗಿ ಸುಲಭವಾಗಿ ಕರಗದು. ಕ್ಷಾರ ಬೆರೆತರೆ ಕಡಮೆ ಉರಿಯಲ್ಲಿ ಕರಗುತ್ತದೆ. ಬೆಳೆ ಬಾರದ ನೆಲವೆಂದು ರೈತನು ಬೈಯುವ ಚೌಳು ಹೀಗೆ ಮುತ್ತೈದೆಯ ಕೈಗೆ ಬಳೆಯಾಗುತ್ತಿತ್ತು! ಮೂಸೆಯಲ್ಲಿ ಕರಗಿದ ಗಾಜನ್ನು ಕಬ್ಬಿಣದ ಸಲಾಕೆಯ ತುದಿಯಲ್ಲಿ ಒಂದಿಷ್ಟು ತೆಗೆದು, ಇನ್ನೊಂದು ಸಲಾಕೆಯ ನೆರವಿನಿಂದ ಉಂಗುರ ಮಾಡಿ, ಮಣ್ಣಿನ ಅಚ್ಚಿಗೇರಿಸಿ ಗರಗರನೆ ತಿರುಗಿಸುವರು. ಬಿಸಿಯಾರುವುದರೊಳಗೆ ಅದು ಹಿಗ್ಗಿ ಅಳತೆಗೆ ಬರಬೇಕು. ಕುಪ್ಪಿಗೆ ಉಸಿರು ಬೇಕು. ಬಳೆಗೆ ಕೈಯ ಚುರುಕೊಂದೇ ಸಾಕು.

ಬುಕಾನನ್ ಬರೆದುದು ಕಂಪನಿಯ ಲಾಭಕ್ಕಾಗಿ ಎಂಬುದನ್ನು ನಾವು ಮರೆಯಲಾಗದು. ಗೆದ್ದ ನೆಲದಲ್ಲಿ ಏನೇನಿದೆಯೆಂಬ ಲೆಕ್ಕ ಅದು. ಆದರೂ ಆತನು ಕುಲುಮೆಯ ಬಳಿಗೆ ಹೋಗಿ ಕೇಳಿದನು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮೂರು ಸಂಪುಟಗಳಲ್ಲಿ ಆ ಕಸುಬು ಉಳಿಯಿತು.

ಆ ಬಳಿಕ ಆತನು ನೇಪಾಳವನ್ನು ಕಂಡನು. ಬಂಗಾಳದ ಸಮೀಕ್ಷೆಯನ್ನು ನಡೆಸಿದನು. 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದನು. ಮರುವರ್ಷ ತಾಯ್ನಾಡಿಗೆ ಮರಳಿದನು. ತಾಯಿಯ ಕಡೆಯ ಆಸ್ತಿ ಬಂದುದರಿಂದ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದನು. ಗಂಗಾನದಿಯ ಮೀನುಗಳ ಬಗೆಗೆ 1822ರಲ್ಲಿ ಪುಸ್ತಕವನ್ನು ಹೊರತಂದು, 1829ರಲ್ಲಿ ತೀರಿಕೊಂಡನು.

ಇಂದು ನಮ್ಮ ಅಂಗಡಿಗಳ ಗಾಜಿನ ಬಳೆ ಬಹುಮಟ್ಟಿಗೆ ದೂರದ ಫಿರೋಜಾಬಾದಿನದು. ಮತ್ತೋಡಿನ ಕುಲುಮೆಯ ಕಥೆಯನ್ನು ನಾನು ಪರದೇಶದವನ ಲೆಕ್ಕದಿಂದ ಓದಿ ತಿಳಿಯಬೇಕಾಯಿತು. ಇದಕ್ಕೆ ನನಗೆ ನಾಚಿಕೆಯೂ ಉಂಟು, ಆತನಲ್ಲಿ ಕೃತಜ್ಞತೆಯೂ ಉಂಟು. ಗೆಳತಿಯರೇ, ಗೆಳೆಯರೇ, ನಮ್ಮೂರುಗಳಲ್ಲಿ ಇನ್ನೂ ಉಳಿದಿರುವ ಕಂಬಳಿಯ ಮಗ್ಗದ ಬಳಿ, ಕುಂಬಾರನ ತಿಗರಿಯ ಬಳಿ ಈ ರಜೆಯಲ್ಲಿ ಒಂದು ಗಳಿಗೆ ಕುಳಿತು ಕೇಳೋಣ, ಕೇಳಿದ್ದನ್ನು ಬರೆದಿಡೋಣ. ಬುಕಾನನ್ ಕಸುಬನ್ನು ಬರೆದನು. ಕಸುಬುದಾರರ ಹೆಸರನ್ನೂ ನಾವು ಬರೆಯೋಣ.